ರಾತ್ರಿ ಪಾಳಿ, ನಲವತ್ತೊಂದನೆ ಪುಟ

ಮುಚ್ಚಿದ ಹತ್ತಿ ಮಿಲ್ಲಿಗೆ ಕಾವಲು ನಾನು.
ಕಾಯುವುದೇನು? ತುಕ್ಕು, ಪಾರಿವಾಳದ ಹಿಕ್ಕೆ,
ಈಗಲೋ ಆಗಲೋ ಕೂಗೀತೆನ್ನಿಸುವ ಸೈರನ್ನು.
ದಾವಣಗೆರೆ ಹಳೇ ಬಸ್ ಸ್ಟ್ಯಾಂಡಿನ ರದ್ದಿ ರಾಶಿಯಲ್ಲಿ
ಏಳನೇ ಕ್ಲಾಸಿದ್ದಾಗ ಐದು ರೂಪಾಯಿಗೆ ಕೊಂಡ ಪುಸ್ತಕ
ಇವತ್ತಿಗೂ ಬುತ್ತಿಯ ಜೊತೆಗೇ ಬರುತ್ತದೆ.
ರಟ್ಟಿಲ್ಲ. ಬರೆದವನ ಹೆಸರಿದ್ದ ಹಾಳೆಯಿಲ್ಲ.
ಯಾವುದೋ ಚಳಿದೇಶದವನು,
ಸತ್ತು ನೂರು ವರ್ಷವಾದರೂ ಆಗಿರಬೇಕು.

ಈ ಊರಿನವನಿಗೆ ಸಮುದ್ರವೆಲ್ಲಿಯದು?
ಅವನೇ ತೋರಿಸಿದ್ದು.
ಕಪ್ಪು ನೀರು, ದೀಪವಿಲ್ಲದ ಹಡಗು,
ಹಲಗೆಯ ಕೆಳಗೆ ಯಾರೋ ಉಗುರಿನಿಂದ ಗೀರುವ ಸದ್ದು.
ಆ ಸದ್ದಿಗೆ ಮೀಸೆ ಮೊಳೆಯುವ ಹುಡುಗ
ಅವ್ವನ ಸೆರಗು ಹಿಡಿದು ಮಲಗಿದ್ದೆ, ನಾಚಿಕೆ ಬಿಟ್ಟು.

ಹೋದ ವಾರ ಜೋಡಿ ಪಾಳಿಯ ದಾದಾಪೀರನಿಗೆ ಓದಿ ಹೇಳುತ್ತಿದ್ದೆ.
ಮಂಡಕ್ಕಿ ಮುಕ್ಕುತ್ತಿದ್ದವನ ಕೈ ಗಾಳಿಯಲ್ಲೇ ನಿಂತಿತ್ತು.
ನಲವತ್ತೊಂದನೆ ಪುಟ. ಹಲಗೆ ತೆರೆಯಿತು. ಮೇಲೆ ಬಂತು ಅದು.
"ಡಾಂಬರಿನ ಮೈ. ದಪ್ಪ ತುಟಿ.
ಮನುಷ್ಯನೆನ್ನಲು ಬಾಯಿ ಬಾರದು.
ಈ ಜಾತಿಯ ರಕ್ತದಲ್ಲೇ ಕತ್ತಲೆ ಇರುತ್ತದೆ."

ಮೂವತ್ತು ವರ್ಷ ಓದಿದ್ದೇನೆ ಈ ಸಾಲನ್ನ.
ಗಂಟಲು ದಾಟಿ ಬಂದಿದ್ದು ಅವತ್ತೇ ಮೊದಲು.
ಟಾರ್ಚಿನ ಬೆಳಕು ಪುಟದ ಮೇಲೂ ಇತ್ತು,
ಪುಟ ಹಿಡಿದ ನನ್ನ ಹೆಬ್ಬೆರಳಿನ ಮೇಲೂ.
ದಾದಾಪೀರ ಹೆಬ್ಬೆರಳು ನೋಡಿದ. ನಾನೂ ನೋಡಿದೆ.

ಇಷ್ಟು ವರ್ಷ ನಿನ್ನ ಬೆನ್ನಿಗೆ ಅಂಟಿಕೊಂಡು
ನಿನ್ನ ಜೊತೆ ನಡುಗಿದೆನಲ್ಲ ಮಾರಾಯ,
ನೀನು ನಡುಗಿದ್ದು ನನ್ನನ್ನು ಕಂಡು.

ಕನ್ನಡಕ್ಕೆ ತಂದ ಪುಣ್ಯಾತ್ಮ ಒಂದು ಹನಿ ಚೆಲ್ಲಿಲ್ಲ,
ಅಳೆದು ಸುರಿದಿದ್ದಾನೆ. ತನ್ನದೂ ಒಂದು ಚಮಚ ಬೆರೆಸಿದ್ದಾನೋ ಏನೋ:
'ಜಾತಿ' ಅನ್ನುವ ಮಾತು ಆ ದೇಶದಲ್ಲಿತ್ತೇ?

ನನ್ನ ಹೆಸರು ಕರಿಬಸಪ್ಪ.
ಉಕ್ಕಡಗಾತ್ರಿ ಅಜ್ಜಯ್ಯನಿಗೆ ಅವ್ವ ಹೊತ್ತ ಹರಕೆ.
ಅಮಾಸೆಗೆ ಅಲ್ಲಿ ಹೊಳೆದಂಡೆಯ ತುಂಬ ದೆವ್ವ ಹಿಡಿದವರು,
ಕೂದಲು ಬಿಚ್ಚಿ ತೂಗುತ್ತಾರೆ, ಬೈಯುತ್ತಾರೆ, ಅಳುತ್ತಾರೆ.
ಎಂಥ ದೆವ್ವವನ್ನೂ ಮೊದಲು ಕೇಳುವುದು:
ಯಾರು ನೀನು? ಯಾವೂರು? ಏನು ಬೇಕು?
ಒಂದಕ್ಕೆ ಹಸಿರು ಬಳೆ ಬೇಕಿತ್ತು. ಇನ್ನೊಂದಕ್ಕೆ,
ನಾನೇ ಕಿವಿಯಾರೆ ಕೇಳಿದ್ದೇನೆ, ಬರೀ ಒಂದು ತುತ್ತು ಹುಗ್ಗಿ.

ನಿನ್ನ ಹಡಗಿನಲ್ಲಿ ಯಾರೂ ಕೇಳಲಿಲ್ಲ,
ಹಲಗೆಯ ಕೆಳಗೆ ಅವನನ್ನು ಹಾಕಿದವರ್ಯಾರು,
ಎಷ್ಟು ದಿನದಿಂದ ಗೀರುತ್ತಿದ್ದ.
ಗುಂಡು ಹಾರಿಸಿದರು. ಅಧ್ಯಾಯ ಮುಗಿಯಿತು.

ಒಲೆಗೆ ಹಾಕೋಣವೆಂದು ಒಯ್ದೆ. ಹಾಕಲಿಲ್ಲ.
ನನ್ನ ಸಮುದ್ರವೂ ಅದರಲ್ಲೇ ಇದೆ.
ಅನ್ನವಾದ ಮೇಲೆ ಕಲ್ಲು ಆರಿಸುವುದು ಹೇಗೆ?
ಆ ಸದ್ದನ್ನು ಎಷ್ಟು ಚೆನ್ನಾಗಿ ಬರೆದಿದ್ದಾನೆ, ಹಾಳಾದವನು.
ಹೆದರಿಕೆ ಈಗಲೂ ಆಗುತ್ತದೆ, ಬೇರೆ ಜಾಗದಲ್ಲಿ.

ನಿನ್ನೆ ದಾದಾಪೀರ ಬೀಡಿ ಹಚ್ಚಿ ಕೇಳಿದ:
"ಅವಂದು ಮುಂದೇನಾತು ಬಸಣ್ಣ?"
ಯಾರದು?
"ಅದೇ ಹಲಗಿ ಕೆಳಗಿನವಂದು. ಅವ ಎಲ್ಲಿಯವ?"

ಪುಸ್ತಕ ಮುಚ್ಚಿ ಟಾರ್ಚು ಆರಿಸಿದೆ.
ಗೋದಾಮಿನ ಕಡೆ ಏನೋ ಗೀರಿದ ಸದ್ದು. ಇಲಿಯೇ ಇರಬೇಕು.
"ಅವಂಗೂ ಒಂದು ಊರಿತ್ತು" ಅಂತ ಶುರು ಮಾಡಿದೆ.
ಊರಿನ ಹೆಸರು ಇನ್ನೂ ನನಗೆ ಗೊತ್ತಿರಲಿಲ್ಲ.