ಎಡ ತಿರುವಿನ ಹೊಗೆ

ಮೂರು ಸುತ್ತು ಸುಮ್ಮನಿತ್ತು.
ನಾಲ್ಕನೇದರಲ್ಲಿ, ತೂಕದ ಕಾಟಾ ದಾಟಿ
ಉದ್ದನೆಯ ಎಡ ತಿರುವಿಗೆ ಬಿದ್ದಾಗ
ಹಿಂದಿನಿಂದ ಹೊಗೆ.
ಕಪ್ಪಲ್ಲ, ಬಿಳಿಯೂ ಅಲ್ಲ,
ನೀಲಿಪುಡಿ ಹೆಚ್ಚಾದ ಧೋತರದ ಬಣ್ಣ.

ಸಂಕೇಶ್ವರದ ಆಚೆ, ಹಂಗಾಮು ಮುಗಿದು
ಬರಿದಾದ ಸಕ್ಕರೆ ಕಾರ್ಖಾನೆಯ ಅಂಗಳ.
ಟ್ರ್ಯಾಕ್ಟರುಗಳು ರಾತ್ರಿಯಿಡೀ ಪಾಳಿ ಕಾಯುತ್ತಿದ್ದಲ್ಲಿ
ಈಗ ಕೇಸರಿ ಕೋನುಗಳು.
ಕಾಂಕ್ರೀಟಿನ ಸಂದಿಯಲ್ಲಿ ಇನ್ನೂ ಕಬ್ಬಿನ ಸಿಪ್ಪೆ.

ತ್ರಿಶಲಾ ಕುಡಚಿ ಹೆಲ್ಮೆಟ್ಟು ತೆಗೆದಳು,
ಹಣೆಯ ಮೇಲೆ ಕೆಂಪು ಗೀರು.
'ಕಾಕಾ, ರಿಂಗ್ ಹೋಗ್ಯಾವೇನ್ರಿ?'

ರಿಂಗ್ ಅಂದರೆ ನನಗೆ ಎರಡು ವಾರದ ಕೆಲಸ.
ಉದ್ಯಮಬಾಗದಲ್ಲಿ ನನ್ನ ಬೋರಿಂಗ್ ಮಷೀನು
ಹತ್ತು ದಿನದಿಂದ ಪ್ಲಾಸ್ಟಿಕ್ಕು ಹೊದ್ದು ಕೂತಿದೆ.
ಹೌದವ್ವಾ, ಅಂದರೆ ಸಾಕು,
ಸೋಮವಾರ ಬ್ಲಾಕು ನನ್ನ ಬೆಂಚಿನ ಮೇಲೆ.
ನಾಲಿಗೆ ತುದಿಗೆ ಬಂದಿತ್ತು, ಸುಳ್ಳು ಹೇಳಲಾರೆ.

ದಸ್ತಗೀರ್ ಮಿಸ್ತ್ರಿ ಬೈಯುತ್ತಿದ್ದ:
'ಪಾನಾ ಆಮ್ಯಾಲ ಹಿಡಿ, ಮದಲ ಮೂಗಿಗೆ ಕೆಲಸಾ ಕೊಡು.
ಹೊಗಿ ಎಷ್ಟ ಬರತೈತಿ ಅಂತ ಯಾರರ ಹೇಳ್ತಾರ.
ಯಾವಾಗ ಬರತೈತಿ, ಅದನ್ನ ಕೇಳು.'

ಕೇಳಿದೆ.
ಕಾಲು ಒತ್ತಿದಾಗಲೋ? ಹಾಗಿದ್ದರೆ ರಿಂಗು.
ಬಿಟ್ಟು, ಮತ್ತೆ ಒತ್ತಿದಾಗ ಒಂದು ಗುಟುಕೋ? ವಾಲ್ವಿನ ಸೀಲು.
ಮುಂಜಾನೆ ಚಾಲೂ ಮಾಡುವಾಗ?
'ಇಲ್ರಿ. ಬೆಳಗಾವಿಯಿಂದ ಇಲ್ಲೀಮಟಾ ಒಂದ ಎಳಿ ಇಲ್ಲ.'
ಬಲಕ್ಕೆ ಹೊರಳುವಾಗ?
ಅವಳ ಕೈ ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿತು,
ಬಲಕ್ಕೆ, ಎಡಕ್ಕೆ, ಮತ್ತೊಮ್ಮೆ ಎಡಕ್ಕೆ.
'ಎಡಕ್ಕ ಅಷ್ಟ.'

ಸವೆದ ರಿಂಗಿಗೆ ಎಡ ಬಲ ತಿಳಿಯುವುದಿಲ್ಲ.

ಪ್ಲಗ್ಗು ಬಿಚ್ಚಿದೆ. ಎರಡು ಬಿಸ್ಕೀಟಿನ ಬಣ್ಣ, ಎರಡು ಒದ್ದೆ.
ಗೇಜು ಹಚ್ಚಿದೆ: ನಾಲ್ಕೂ ಸಿಲಿಂಡರು
ನೂರಾ ಎಪ್ಪತ್ತರ ಆಸುಪಾಸು, ಒಡಹುಟ್ಟಿದವರ ಹಾಗೆ.
ಇಂಜಿನ್ನು ಉಸಿರು ಬಿಡುವ ಕೊಳವೆ ಕಿತ್ತು
ತೋರುಬೆರಳು ಇಟ್ಟೆ,
ಹೋಳಿಗೆ ತಟ್ಟಿದ ಕೈಯಂತೆ ಹೊರಬಂತು.
ಆಮೇಲೆ ಡಿಪ್‌ಸ್ಟಿಕ್ಕು. ಮೊದಲೇ ನೋಡಬೇಕಾದದ್ದು.
ಮೇಲಿನ ಗೆರೆ ದಾಟಿ ಎರಡು ಬೆರಳು.

'ಎಣ್ಣಿ ಹಾಕಿದವರ್ಯಾರು?'

ಅವಳ ತಮ್ಮ ಸಮ್ಮೇದ, ಹದಿನಾಲ್ಕರ ಹುಡುಗ,
ಕ್ಯಾನು ಬೆನ್ನ ಹಿಂದೆ ಹಿಡಿದು ನಿಂತಿದ್ದ.
ಹೋದ ತಿಂಗಳು ಒಮ್ಮೆ ತುಸು ಹೊಗೆ ಕಂಡಿತ್ತಂತೆ.
'ಹೊಗಿ ಬಂದ್ರ ಎಣ್ಣಿ ಸುಟ್ಟಂಗ ಅಲ್ರಿ?
ಅಕ್ಕನ ಇಂಜಿನ್ ಒಣಗಬಾರದಂತ...'
ಅಕ್ಕ ನೀರು ಕುಡಿಯುವ ಹೊತ್ತಿಗೆಲ್ಲ
ಒಂದು ಚಹಾ ಕಪ್ಪು, ಯಾರಿಗೂ ಹೇಳದೆ.

ಅವನನ್ನು ಕೂರಿಸಿಕೊಂಡು ಹೇಳಿದೆ:
ವಂಟಮೂರಿ ಘಾಟಿನಲ್ಲಿ ಬಸ್ಸು ಎಡಕ್ಕೆ ಹೊರಳಿದರೆ
ನಿಂತ ಮಂದಿ ಬಲಕ್ಕೆ ಒರಗುವುದಿಲ್ಲವೇ?
ಒಳಗೆ ಎಣ್ಣೆಯೂ ಹಾಗೇ.
ಜಾಗ ಇದ್ದರೆ ಒರಗಿ, ಮತ್ತೆ ನೆಟ್ಟಗಾಗುತ್ತದೆ.
ಕಿಕ್ಕಿರಿದರೆ ಬಾಗಿಲ ಬಳಿ ಇದ್ದವರು ಹೊರಗೆ.
ಆ ಕೊಳವೆಯೇ ಬಾಗಿಲು. ಹೊರಗೆ ಬಿದ್ದದ್ದು
ಗಾಳಿಯ ಜೊತೆ ಮತ್ತೆ ಬೆಂಕಿಗೇ.
ನೀನು ಹೊಗೆ ಕಂಡು ಸುರಿದೆ,
ಸುರಿದದ್ದೇ ಹೊಗೆಯಾಯಿತು.

ಅವನು ಅಳಲಿಲ್ಲ. ಮೂಗು ಮಾತ್ರ ಒರೆಸಿಕೊಂಡ,
ಮೀಸೆ ಬರದ ಜಾಗದಲ್ಲಿ ಎಣ್ಣೆಯ ಗೆರೆ ಮೂಡಿತು.

ಅಡಿಯ ಬೋಲ್ಟು ಸಡಿಲಿಸಿ ಮುಕ್ಕಾಲು ಲೀಟರು ಇಳಿಸಿದೆವು.
ಡಬ್ಬಿ ಅವನೇ ಹಿಡಿದ. ಬಿಸಿಯಿತ್ತು, ಬಿಡಲಿಲ್ಲ.

ತ್ರಿಶಲಾ ಮತ್ತೆ ಹೊರಟಳು.
ಕಾಟಾ ದಾಟಿದಳು, ಎಡಕ್ಕೆ ಬಿದ್ದಳು,
ಟೈರು ಚೀರಿತು.
ಹುಡುಗ ಕಾರು ನೋಡಲಿಲ್ಲ,
ನನ್ನ ಮುಖ ನೋಡುತ್ತ ನಿಂತ.
ಎರಡನೇ ಸುತ್ತಿಗೆ ಒಂದು ನೀಲಿ ಎಳೆ ಕಂಡಂತಾಯಿತು,
ಕೊಳವೆಯಲ್ಲಿ ಉಳಿದದ್ದೋ, ಧೂಳೋ.
ಆಮೇಲೆ ಏನಿಲ್ಲ.

ಹೋದ ತಿಂಗಳ ಆ ಮೊದಲ ಗುಟುಕು
ಎಲ್ಲಿಂದ ಬಂತೋ ನನಗಿನ್ನೂ ಗೊತ್ತಿಲ್ಲ.
ಅವಳಿಗೆ ಹಾಗೇ ಹೇಳಿದೆ.
'ಎಷ್ಟ ಕೊಡ್ಲಿ ಕಾಕಾ?' ಅಂದಳು.
ಒಂದು ಚಹಾ, ಎರಡು ಮಿರ್ಚಿ.

ರಾತ್ರಿ ಉದ್ಯಮಬಾಗಕ್ಕೆ ಬಂದು ಷಟರು ಎತ್ತಿದೆ.
ಪ್ಲಾಸ್ಟಿಕ್ಕು ಸರಿಸಿ, ಮಷೀನಿನ ಜಾರುಹಳಿಗೆ
ಒಂದು ಹನಿ ಎಣ್ಣೆ ಬಿಟ್ಟೆ.
ಎರಡನೇದು ಬೀಳುವ ಮೊದಲು
ಡಬ್ಬಿ ನೆಟ್ಟಗೆ ಮಾಡಿದೆ.