ಹೊಳ್ಳಾಕ ಜಾಗ

ಮಾಳಮಡ್ಡಿ ಗ್ಯಾರೇಜಿನ್ಯಾಗ ಹಜರೇಸಾಬ
— ಇಪ್ಪತ್ತು ವರ್ಷ ವಾಯುದಳದಾಗ ಪಾನಾ ಹಿಡದಾಂವ —
ಸ್ಕೂಟರಿನ ಹೊಟ್ಟಿ ಬಿಚ್ಚಿ ಕುಂತಿದ್ದ.
ಸ್ಕೂಟರಿನ ಹುಡುಗ ಪರದೇಶಿ, ಕೃಷಿ ವಿದ್ಯಾಲಯದಾಂವ,
ಮೂರು ವರ್ಷದಾಗ ಧಾರವಾಡದ ಮಾತು ಕಲತಾನ.

"ನಮ್ಮ ದೇಶ ಫೈಟರ್ ಜೆಟ್ ಕೊಳ್ಳತೈತಂತ್ರಿ, ನಾಕು.
ನಮ್ದು ಎಷ್ಟ ದೇಶ? ಏರಿ ಹೊಳ್ಳೂದ್ರಾಗ
ಮಂದಿ ಆಕಾಶ ಬಂದಿರತೈತಿ."

ಸಾಬ ನಗಲಿಲ್ಲ.
"ಕೊಳ್ಳೂದು ಒಂದಿನದ್ದೋ ತಮ್ಮಾ.
ಆಮ್ಯಾಲ ಒಂದು ವಾಷರಿಗೆ ಆರು ತಿಂಗಳಾ
ಅವರ ಬಾಗಲಾ ಕಾಯಬೇಕು.
ಕಾದೇನಿ."

"ಹಂಗಾರ ಬ್ಯಾಡಂತೀರಿ?"

ಪ್ಲಗ್ ಊದಿದ. ಮತ್ತೊಮ್ಮೆ ಊದಿದ.
"ಬ್ಯಾರೇದವರ ವಿಮಾನ ನೆತ್ತಿ ಮ್ಯಾಲೆ ಹಾದ್ರ
ನಿಮ್ಮವ್ವ ಏನ್ ಮಾಡತಾಳ?"

"ಗುಡುಗಂತ ತಿಳದು
ಮಾಳಗಿ ಮ್ಯಾಲಿನ ಮೆಣಸಿನಕಾಯಿ ಒಳಗ ತರತಾಳ."

ಕಿಕ್ ಹೊಡದ. ಚಾಲೂ ಆತು. ಬಂದ್ ಮಾಡಿದ.
ರೊಕ್ಕದ ಮಾತು ಇಬ್ರೂ ಎತ್ತಲಿಲ್ಲ.