ಸೋಗೆಯ ಗಂಟು

ಯಾರೂ ಮುಟ್ಟಲಿಲ್ಲ.
ಮಂಡ್ಯದ ಸ್ಟೇಡಿಯಂ, ಎರಡನೇ ಇನ್ನಿಂಗ್ಸು,
ಎದುರು ತಂಡದ ನಾಜಿಮಾಳ ಕೈ
ನನ್ನ ಬೆನ್ನಿಗೆ ಇನ್ನೂ ಒಂದು ಮೊಳ ದೂರ.
ಕಂಬ ಸುತ್ತಿ ತಿರುಗಿದೆ, ಪಾದ ಅಲ್ಲೇ ಉಳಿಯಿತು.
ಒಳಗೆ ಟಪ್ ಅಂತು, ಹುಣಸೆಕಾಯಿ ಮುರಿದ ಹಾಗೆ.
ಮುಟ್ಟಿಸಿಕೊಳ್ಳದೆ ಔಟಾದವಳು
ಇಡೀ ಜಿಲ್ಲೆಗೆ ನೀನೊಬ್ಬಳೇ ಅಂತ ಆಮೇಲೆ ನಕ್ಕರು.

ಮೂರು ವಾರ ಮೊಟ್ಟೆಯ ಲೋಳೆ, ಬಿದಿರ ದಬ್ಬೆ, ಹಳೇ ಸೀರೆಯ ಪಟ್ಟಿ.
ಊತ ಇಳಿಯಿತು. ನಡೆದೆ.
ಮೆಟ್ಟಿಲಿಳಿಯುವಾಗ ಮಂಡಿ
ಜಾಮೀನಿಗೆ ನಿಂತವರ ಹಾಗೆ
ಸರಿಯಾದ ಹೊತ್ತಿಗೆ ಪಕ್ಕಕ್ಕೆ ಸರಿಯಿತು.

ಮೈಸೂರಿನ ಡಾಕ್ಟರು ಕಪ್ಪು ಫಿಲಮ್ಮನ್ನು ಕಿಟಕಿಗೆ ಹಿಡಿದರು:
'ಇಲ್ಲೊಂದು ಹಗ್ಗ ಇರಬೇಕಿತ್ತು.'
ನೋಡಿದೆ, ಇಲ್ಲದ್ದನ್ನು ಹೇಗೆ ನೋಡುತ್ತಾರೋ ಹಾಗೆ.
'ಹರಿದದ್ದು ತಾನಾಗಿ ಕೂಡಲ್ಲ. ತೊಡೆಯ ಹಿಂದಿನಿಂದ
ನಿನ್ನದೇ ಎರಡು ಎಳೆ ತೆಗೆದು, ಮಡಚಿ,
ಮೂಳೆಗೆ ತೂತು ಕೊರೆದು...'
ನನ್ನ ಬಾಯಿ ಒಣಗಿತು. ಅವ್ವ ಹೊಂಬಾಳಮ್ಮ ಮಾತ್ರ
ಗದ್ದೆ ಬದುವಿನ ಮೇಲೆ ನಿಂತವಳಂತೆ ತಲೆಯಾಡಿಸಿದಳು:
'ಅದೇನ್ ಹೊಸದಾ ಸಾ?
ಕಬ್ಬಿನ ಹೊರೇನ ಕಬ್ಬಿನ ಸೋಗೇಲೇ ಅಲ್ವಾ ಕಟ್ಟೋದು.'

ಬೆನ್ನಿಗೆ ಸೂಜಿ. ಸೊಂಟದ ಕೆಳಗೆ ಯಾರದೋ ಕಾಲು.
ಹಸಿರು ಪರದೆಯಾಚೆ ಡ್ರಿಲ್ಲು ಕೂಗುತ್ತಿತ್ತು.
ಬಸ್ಸಾರು ತಂದಿದೀನಿ ಇವತ್ತು, ಅಂದಳು ಒಬ್ಬ ನರ್ಸು.
ನನ್ನನ್ನು ಕೊರೆಯುತ್ತಿದ್ದರು,
ನನಗೆ ಹಸಿವಾಯಿತು.

ನೋವು ರಾತ್ರಿ ಬಂತು. ತಡವಾಗಿ, ಪೂರ್ತಿಯಾಗಿ.

ಈಗ ಆರನೇ ವಾರ.
ರೆಡ್‌ಆಕ್ಸೈಡ್ ನೆಲಕ್ಕೆ ಪೌಡರ್ ಚೆಲ್ಲಿ ಹಿಮ್ಮಡಿ ಎಳೆಯುತ್ತೇನೆ.
ತೊಂಬತ್ತು ಡಿಗ್ರಿ. ತೊಂಬತ್ನಾಲ್ಕು.
ಅವ್ವ ಅದನ್ನು ಮಾರ್ಕ್ಸು ಅಂದುಕೊಂಡು
ಪಕ್ಕದ ಮನೆಯಲ್ಲಿ ಹೇಳಿಬಂದಿದ್ದಾಳೆ,
ಇನ್ನಾರು ಬಂದರೆ ನೂರಕ್ಕೆ ನೂರು.
ಹೊಸ ಎಳೆ ಈಗ ಸತ್ತ ಹಾಗೇ, ಅನ್ನುತ್ತಾರೆ ಫಿಸಿಯೋ ಪ್ರಮೀಳಾ ಮೇಡಂ,
ರಕ್ತ ದಾರಿ ಹುಡುಕಿಕೊಂಡು ಅದರೊಳಗೆ ಬರಬೇಕು,
ಒಂಬತ್ತು ತಿಂಗಳು ಓಡಬೇಡ.

ಓಡುವುದು ಎಲ್ಲರೂ ಕಲಿಸಿದರು.
ಚೌಕದಲ್ಲಿ ಮಂಡಿ ಮಡಚಿ ಕೂತು
ಬೆನ್ನ ಮೇಲೆ ಕೈ ಬೀಳುವ ತನಕ ಏಳದಿರುವುದು,
ಅದೂ ಆಟವೇ ಅಂತ ಆಗ ತಿಳಿದಿರಲಿಲ್ಲ.

ಸಂಜೆ ಶಾಲೆಯ ಬಯಲಿಂದ ಹುಡುಗಿಯರ ಕೂಗು:
ಖೋ. ಖೋ.
ತೊಡೆ ತಾನಾಗಿ ಬಿಗಿಯುತ್ತದೆ.
ನಿನಗಲ್ಲ ಅದು, ಪಕ್ಕದವಳಿಗೆ, ಅನ್ನುತ್ತೇನೆ.
ಟವೆಲ್ ಸುತ್ತಿ ಹಿಮ್ಮಡಿಯಡಿ ಇಟ್ಟು
ಮಂಡಿಯನ್ನು ನೆಲದತ್ತ ಒತ್ತುತ್ತೇನೆ.
ಎಣಿಸುತ್ತೇನೆ, ಹತ್ತರ ತನಕ.